ಪಟ್ಟಿಯಲ್ಲಿಲ್ಲದ ಬಸರಿ

ಡಬ್ಬಿ ನನ್ನ ಕೈಲಿತ್ತು. ಕೆಂಪು ಬಣ್ಣ,
ಕತ್ತಾಳೆ ನಾರಿನ ಕುಂಚ,
ದಿನಕ್ಕೆ ನಾನೂರು ರೂಪಾಯಿ, ಮಧ್ಯಾಹ್ನ ಚಿತ್ರಾನ್ನ.
ಎದೆಮಟ್ಟದಲ್ಲಿ ತೊಗಟೆ ಹೆರೆದು
ನಂಬರು ಬರೆಯಬೇಕು. ಬರೆದೆ.
ನಾನಲ್ಲದಿದ್ದರೆ ಇನ್ಯಾರೋ ಬರೆಯುತ್ತಿದ್ದರು.
ಈ ಮಾತನ್ನು ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ
ಅದಕ್ಕೂ ಒಂದು ನಂಬರು ಹಾಕಬಹುದು.

ಒಂದು: ಹುಣಸೆ.
ಪ್ಯಾರೇಜಾನ್ ಸಾಬರು ವರ್ಷವೂ ಹರಾಜು ಹಿಡಿಯುತ್ತಿದ್ದ
ಸಾಲಿನ ಮೊದಲನೆಯದು.
ಗಳು ಎತ್ತುವ ಮೊದಲು ಬುಡದಲ್ಲಿ ಬೀಡಿ ಹಚ್ಚಿಟ್ಟು
'ನೀನೂ ಒಂದು ದಮ್ಮು ಎಳಿಯಪ್ಪ' ಅನ್ನುತ್ತಿದ್ದರು.
ಹದಿನೇಳು: ಹೊಂಗೆ.
ಶಾಲೆಯ ಸೂರು ಬಿದ್ದ ವರ್ಷ
ಮೂರನೇ ಕ್ಲಾಸು ಇದರ ಕೆಳಗೇ ಪಾಸಾಯಿತು.
ಸ್ಲೇಟಿನ ಮೇಲೆ ಹೂ ಉದುರಿ
ಕೂಡುವ ಲೆಕ್ಕದಲ್ಲಿ ಸೊನ್ನೆ ಹೆಚ್ಚಾಗುತ್ತಿತ್ತು.
ನಲವತ್ತು, ನಲವತ್ತೊಂದು: ನೇರಳೆ, ಜೋಡಿ.
ಅರವತ್ತಾರು: ಯಾವ ಮರವೋ.
ಇಂಜಿನಿಯರು 'ಕಾಡುಜಾತಿ' ಎಂದು ಬರೆಸಿದರು.
ಹೆಸರು ಬಲ್ಲ ಪಾಪಕ್ಕ ಹೋಗಿ ಆರು ವರ್ಷ.

ತೊಂಬತ್ತು.
ಇದರ ಬುಡದಲ್ಲಿ ನನ್ನ ತಂಗಿ ಇದ್ದಾಳೆ,
ಹೆಸರಿಡುವ ಮೊದಲೇ ಹೋದವಳು.
ತೋಪಿಗೆ ಸೌದೆಗೆ ಬಂದರೆ
ಅಮ್ಮ ಈ ಮರವನ್ನು ಬಳಸಿಕೊಂಡು ನಡೆಯುತ್ತಿದ್ದಳು.
ಬರೆಯುವಾಗ ಸೊನ್ನೆ ಸೋರಿತು.
ಒರೆಸಿ ಮತ್ತೆ ಬರೆದೆ.
ಇಂಜಿನಿಯರು ನೆರಳಲ್ಲಿ ಕೂತು ಫೋನಿನಲ್ಲಿದ್ದರು.
ಅದೂ ಇದೇ ಮರದ ನೆರಳು.

ಕೆರೆ ಕೋಡಿಯ ಕಡೆ, ಕೊನೆಗೆ, ಒಂದು ಬಸರಿ.
ನಮ್ಮೂರ ಹಸು ಈದಾಗೆಲ್ಲ
ಮಾಸನ್ನು ಗೋಣಿಯಲ್ಲಿ ಸುತ್ತಿ
ನಾಯಿಗೆ ಎಟುಕದಂತೆ
ಇದರ ಕೊಂಬೆಗೇ ಕಟ್ಟುವುದು.
ಹಾಲಿನ ಮರ; ಹಸುವೂ ಹಾಗೇ ಹಾಲು ಕರೆಯಲಿ ಅಂತ.
ಹಳೇ ಗೋಣಿಯ ಎಳೆಗಳು ಆಗಲೂ ನೇತಾಡುತ್ತಿದ್ದವು.
ಬಣ್ಣ ಮುಗಿಯಿತು ಸಾರ್, ಅಂದೆ.
ಡಬ್ಬಿಯಲ್ಲಿ ಇನ್ನೂ ನಾಲ್ಕು ಬೆರಳು ಬಣ್ಣವಿತ್ತು.
ಆಯ್ತು ಬಿಡಯ್ಯ, ಇನ್ನೂರ ಹತ್ತಕ್ಕೆ ನಿಲ್ಲಿಸು, ಅಂದರು.
ಆ ಸಂಜೆ ಚಿಂತಾಮಣಿ ಬಸ್ಸಿನಲ್ಲಿ
ಕಳ್ಳ ಮಾಲು ಬಚ್ಚಿಟ್ಟವನ ಹಾಗೆ
ಒಳಗೊಳಗೇ ನಗುತ್ತ ಕೂತಿದ್ದೆ.

ಗೋದಾಮು ಬರುತ್ತದಂತೆ. ಮೆಷಿನ್ನು ಬಂತು.
ನಾನು ಅಂದುಕೊಂಡಿದ್ದು ಮೂರು ದಿನ; ಒಂದೂವರೆ ದಿನ ಸಾಕಾಯಿತು.
ಲಾರಿಗೆ ಏರಿಸುವಾಗ ಗುಮಾಸ್ತ
ನನ್ನ ನಂಬರು ನೋಡಿ ನೋಡಿ ಟಿಕ್ಕು ಹಾಕಿದ.
ಅಕ್ಷರ ದುಂಡಾಗಿದೆ, ಯಾರದು? ಅಂದ.
ಬಸರಿಯ ಬುಡಕ್ಕೆ ಗರಗಸ ಇಟ್ಟಾಗ ಓಡಿದೆ.
ಸಾರ್, ಇದು ಪಟ್ಟಿಯಲ್ಲಿಲ್ಲ!
ಪಟ್ಟಿ ತಿರುವಿದ. ಇಲ್ಲ. ನಿಜ.
'ಹಾಗಾದರೆ ಇದಕ್ಕೆ ದುಡ್ಡೂ ಕಟ್ಟಬೇಕಿಲ್ಲ' ಅಂದ.
ಬಿಳಿ ಹಾಲು ಸುರಿಯಿತು.
ಗರಗಸದವನ ಕಾಲಿಗೆ ಅಂಟಿತು,
ಅವನು ಮಣ್ಣಿನಲ್ಲಿ ಉಜ್ಜಿಕೊಂಡ.
ಇನ್ನೂರ ಹತ್ತು ಮರಗಳಿಗೆ ರಸೀತಿ ಇದೆ.
ಇದು ಇತ್ತು ಅನ್ನುವುದಕ್ಕೆ
ಒಂದು ಚೂರು ಕಾಗದವೂ ಇಲ್ಲದ ಹಾಗೆ
ಮಾಡಿದವನು ನಾನು.

ಆಮೇಲೆ ಮೂರು ರಾತ್ರಿ ಬಾವಲಿಗಳು ಬಂದು
ಇಲ್ಲದ ಕೊಂಬೆಗಳನ್ನು ಸುತ್ತು ಹಾಕಿದವು.
ನಾಲ್ಕನೇ ರಾತ್ರಿ ನಾನೊಬ್ಬನೇ ಹೋಗಿದ್ದೆ.
ಬೈರವಾಡದ ದೀಪಗಳು ಕಂಡವು,
ಹುಟ್ಟಿದಾಗಿನಿಂದ ಕಾಣದಿದ್ದ ದೀಪಗಳು.
ಇಷ್ಟು ಹತ್ತಿರವಿದೆಯಾ ಆ ಊರು!

ಮೊನ್ನೆ ಪಿಳ್ಳಮ್ಮನ ಸೀಮೆಹಸು ಈಯಿತು. ಹೆಣ್ಣುಗರು.
ಕತ್ತಲು ಹರಿಯುವ ಮುಂಚೆ
ಮಾಸಿನ ಗೋಣಿ ಹಿಡಿದು
ಅಭ್ಯಾಸಬಲದಲ್ಲಿ ಕೋಡಿಯ ತನಕ ನಡೆದುಬಿಟ್ಟಿದ್ದಾಳೆ.
ಹಿಂದೆ ಎರಡು ನಾಯಿ.
ಕರೆಂಟು ಕಂಬ ನೋಡಿದಳಂತೆ,
ಬೇಲಿಯ ಕಬ್ಬಿಣದ ಗೂಟ ನೋಡಿದಳಂತೆ,
ಕೊನೆಗೆ ನಮ್ಮ ಬಾಗಿಲಿಗೆ ಬಂದು ನಿಂತಳು.

'ಎಣಿಸಿದವನು ನೀನೇ ಅಲ್ಲವೇನಪ್ಪ.
ಹೇಳು, ಎಲ್ಲಿ ಕಟ್ಟಲಿ?'

ಬೈಯಲಿಲ್ಲ. ಕೇಳಿದಳು, ಅಷ್ಟೆ.
ಉಗುರಿನ ಸಂದಿನಲ್ಲಿ ಕೆಂಪು ಇನ್ನೂ ಇದ್ದ ಕೈಯನ್ನು
ನನಗೇ ತಿಳಿಯದೆ ಮುಂದೆ ಚಾಚಿದ್ದೆ.
ಅವಳು ಗೋಣಿಯನ್ನು ಅದಕ್ಕೆ ತೂಗುಹಾಕಿ
ಹಾಲು ಕರೆಯಲು ಹೊರಟುಹೋದಳು.

ಭಾರವಿತ್ತು. ಇನ್ನೂ ಬೆಚ್ಚಗಿತ್ತು.
ನಾಯಿಗಳು ಅಂಗಳದಲ್ಲೇ ಕೂತವು.
ಕೈ ಇಳಿಸಲಿಲ್ಲ.